ಅಳೆದು ತೋಡಿದ ಗುಂಡಿ

ಕಲ್ಲು ನೆಡುವ ವಿದ್ಯೆ ನಮ್ಮ ಸೀಮೆಗೆ ಹೊಸತಲ್ಲ. ಹಿಂದೆ ತಗಡೂರು ಎಂದು ಹೆಸರಾಗಿದ್ದ ಧರ್ಮಪುರಿಯ ಸುತ್ತಿನ ಹೊಲಗಳಂಚಿನಲ್ಲಿ ಸಾವಿರ ವರ್ಷಗಳಷ್ಟು ಹಳೆಯ ವೀರಗಲ್ಲುಗಳು ಇಂದಿಗೂ ಕಾಣಸಿಗುತ್ತವೆ. ತಮಿಳರು ಅವನ್ನು ‘ನಡುಕಲ್’ ಎನ್ನುತ್ತಾರೆ. ನೆಟ್ಟ ಕಲ್ಲು ಎಂದೇ ಅದರ ಅರ್ಥ. ಹಾದುಹೋಗುವವರ ಕಣ್ಣಿಗೆ ಬೀಳುವುದು ಮಣ್ಣಿನ ಮೇಲಿರುವ ವೀರನ ಚಿತ್ರ ಮಾತ್ರ. ಆ ಕಲ್ಲನ್ನು ಇಷ್ಟು ಕಾಲ ನಿಲ್ಲಿಸಿದುದು ಮಣ್ಣಿನೊಳಗೆ ಹುದುಗಿರುವ, ಯಾರೂ ನೋಡದ ಭಾಗ. ಬೇಲಿಯ ಕಂಬಕ್ಕೂ ತೋಟದ ಗಿಡಕ್ಕೂ ಈ ಮಾತು ಅಷ್ಟೇ ಸಲ್ಲುತ್ತದೆ.

೧೯೬೫ರ ಅಕ್ಟೋಬರ್ ೨ರಂದು ಸೇಲಂ ಜಿಲ್ಲೆಯಿಂದ ಧರ್ಮಪುರಿ ಬೇರೆಯಾಯಿತು. ೨೦೦೪ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಜಿಲ್ಲೆಯ ಗಡಿಗಳು ಹೀಗೆ ಬದಲಾದರೂ ಹೊಸೂರು, ಡೆಂಕಣಿಕೋಟೆ, ತಳಿ, ಪೆನ್ನಾಗರಂ ಕಡೆಗಳಲ್ಲಿರುವ ನಮ್ಮ ಕನ್ನಡ ಒಕ್ಕಲು ಮನೆತನಗಳ ನೆಲದ ಗುಣ ಬದಲಾಗಲಿಲ್ಲ. ಬಹುಪಾಲು ಕಡೆ ಮೇಲೆ ಕೆಮ್ಮಣ್ಣು, ಅದರಡಿ ಗರಸು, ಅದರಡಿ ಬಂಡೆ. ಇಂಥ ನೆಲದಲ್ಲಿ ಗುಂಡಿ ತೋಡುವುದೆಂದರೆ ನಮ್ಮ ಹಿರಿಯರಿಗೆ ಹಾರೆ, ಪಿಕಾಸಿ, ಸನಿಕೆಗಳೊಡನೆ ದಿನಗಟ್ಟಲೆ ಹೋರಾಟ. ಈಗ ಟ್ರಾಕ್ಟರಿನ ಹಿಂಬದಿಗೆ ಕಟ್ಟಿದ ದೊಡ್ಡ ಬೈರಿಗೆ ಬಂದಿದೆ. ಬಡಗಿಯ ಬೈರಿಗೆಯನ್ನೇ ಎದೆಮಟ್ಟಕ್ಕೆ ಬೆಳೆಸಿದಂತಿರುವ ಈ ಸಾಧನ ಕೆಲವೇ ನಿಮಿಷಗಳಲ್ಲಿ ಒಂದು ಗುಂಡಿಯನ್ನು ಮುಗಿಸುತ್ತದೆ. ಕೆಲಸ ಹಗುರವಾಯಿತು, ನಿಜ. ಆದರೆ ಕೆಲಸದೊಡನೆ ಅಳತೆಯ ಜವಾಬ್ದಾರಿಯೂ ಯಂತ್ರಕ್ಕೆ ಹೋಯಿತೆಂದು ನಾವು ನಂಬಿಬಿಟ್ಟರೆ ನಷ್ಟ ನಮ್ಮದೇ. ಇದನ್ನು ನಾನು ನಮ್ಮ ಮನೆಯ ಹೊಲದಲ್ಲಿಯೇ ಕಲಿತೆನು.

ಒರಗಿದ ಹನ್ನೊಂದು ಕಂಬಗಳು

ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಸುತ್ತ ಕಲ್ಲುಕಂಬದ ಬೇಲಿ ಹಾಕಿಸಿದೆವು. ಕಂಬಗಳು ಏಳು ಅಡಿಯವು. ಎರಡು ಅಡಿ ಮಣ್ಣಿನೊಳಗೆ, ಐದು ಅಡಿ ಮೇಲೆ ಎಂಬುದು ಲೆಕ್ಕ. ಬಾಡಿಗೆಗೆ ಟ್ರಾಕ್ಟರು ಬಂದಿತು. ಗುಂಡಿಯೊಂದಕ್ಕೆ ಇಷ್ಟು ಎಂದು ಮಾತಾಯಿತೇ ಹೊರತು ಎಷ್ಟು ಆಳದ ಗುಂಡಿ, ಆ ಆಳವನ್ನು ಯಾರು ಯಾವಾಗ ಅಳೆಯಬೇಕು ಎಂಬುದನ್ನು ನಾವು ಬಾಯಿಬಿಟ್ಟು ಹೇಳಲಿಲ್ಲ. ಸಂಜೆಯ ಹೊತ್ತಿಗೆ ಅರುವತ್ತು ಗುಂಡಿಗಳು ಮುಗಿದುವು. ಮುಪ್ಪಿನಲ್ಲಿದ್ದ ನಮ್ಮ ತಂದೆಯವರು ಕೋಲೂರಿಕೊಂಡು ಬಂದು, “ಎಷ್ಟು ಆಳ ಹೋಗಿದೆಯಪ್ಪಾ?” ಎಂದು ಕೇಳಿದರು. “ಎರಡಡಿಗೆ ಕಡಿಮೆಯಿಲ್ಲ, ಅಯ್ಯಾ” ಎಂದನು ಚಾಲಕ. “ಅಳೆದು ನೋಡಿದೆಯೋ?” ಎಂದರೆ, “ಕಣ್ಣಳತೆ ಸಾಕು, ನೂರಾರು ಗುಂಡಿ ತೋಡಿದ ಕೈ ಇದು” ಎಂದು ನಕ್ಕನು. ನಾವೂ ನಕ್ಕೆವು.

ಆಶ್ವೀಜದ ಕೊನೆಯಲ್ಲಿ ಹಿಂಗಾರು ಮಳೆ ಹಿಡಿಯಿತು. ಮಳೆ ಬಿಟ್ಟ ಮೇಲೆ ನೋಡಿದರೆ ಹನ್ನೊಂದು ಕಂಬಗಳು ತಂತಿಯ ಎಳೆತಕ್ಕೆ ಒಳಗಡೆಗೆ ಒರಗಿದ್ದುವು. ಅಗೆದು ತೆಗೆದಾಗ ಕಾರಣಗಳು ಒಂದೊಂದಾಗಿ ಕಂಡುವು. ಕೆಲವು ಗುಂಡಿಗಳಲ್ಲಿ ಸುತ್ತಲೂ ಎದ್ದ ಮಣ್ಣಿನ ಗುಪ್ಪೆಯ ಮೇಲಿನಿಂದ ಆಳವನ್ನು ಎಣಿಸಲಾಗಿತ್ತು. ಗುಪ್ಪೆ ಗೇಣೆತ್ತರವಿದ್ದಲ್ಲಿ ಗುಂಡಿ ಗೇಣು ಕಡಿಮೆ. ಕೆಲವು ಕಡೆ ಬೈರಿಗೆಯನ್ನು ಮೇಲೆತ್ತಿದಾಗ ಜಾರಿಬಿದ್ದ ಪುಡಿಮಣ್ಣು ತಳದಲ್ಲಿ ನಾಲ್ಕೈದು ಅಂಗುಲ ಕುಳಿತಿತ್ತು; ಕಂಬ ನಿಂತದ್ದು ಗಟ್ಟಿ ನೆಲದ ಮೇಲಲ್ಲ, ಆ ಪುಡಿಯ ಮೇಲೆ. ಇನ್ನು ಕೆಲವು ಕಡೆ ಟ್ರಾಕ್ಟರಿನ ಹಿಂದಿನ ಚಕ್ರಗಳು ಬದುವಿನ ಮೇಲೇರಿ ನಿಂತಿದ್ದುದರಿಂದ ಬೈರಿಗೆ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಚಾಲಕನು ಮೋಸಗಾರನಲ್ಲ. ಅಳೆಯುವ ಕೋಲು ಆ ದಿನ ಹೊಲದಲ್ಲಿರಲಿಲ್ಲ, ಅಷ್ಟೆ.

ಯಂತ್ರದ ಗುಣವನ್ನು ಅರಿಯುವುದು

ಆಳವನ್ನು ಹತೋಟಿಯಲ್ಲಿಡಬೇಕಾದರೆ ಯಂತ್ರವು ಹೇಗೆ ಇಳಿಯುತ್ತದೆಂಬುದನ್ನು ಮೊದಲು ತಿಳಿಯಬೇಕು. ಟ್ರಾಕ್ಟರಿನ ಹಿಂಬದಿಯ ಮೂರು ಕೊಂಡಿಗಳ ಏರ್ಪಾಟನ್ನು ಹೈಡ್ರಾಲಿಕ್ ಶಕ್ತಿಯೊಡನೆ ಜೋಡಿಸಿ ಬಳಕೆಗೆ ತಂದ ಕೀರ್ತಿ ಐರ್ಲೆಂಡಿನಲ್ಲಿ ಹುಟ್ಟಿದ ಹ್ಯಾರಿ ಫರ್ಗ್ಯೂಸನ್ನನದು. ೧೯೩೦ರ ದಶಕದಲ್ಲಿ ಹೊರಬಂದ ಆ ಏರ್ಪಾಟೇ ಇಂದು ನಮ್ಮ ಊರಿನ ಟ್ರಾಕ್ಟರುಗಳಲ್ಲಿಯೂ ಇರುವುದು. ಬಾಡಿಗೆಗೆ ಸಿಗುವ ಸಾಮಾನ್ಯ ಟ್ರಾಕ್ಟರುಗಳಲ್ಲಿ ಈ ಕೊಂಡಿಗಳು ಭಾರವನ್ನು ಎತ್ತಬಲ್ಲುವು, ಹಿಡಿದು ನಿಲ್ಲಿಸಬಲ್ಲುವು, ಮೆಲ್ಲನೆ ಇಳಿಸಬಲ್ಲುವು, ಕೆಳಕ್ಕೆ ಒತ್ತಲಾರವು. ಬೈರಿಗೆ ನೆಲದೊಳಗೆ ಇಳಿಯುವುದು ತನ್ನ ಭಾರದಿಂದ ಮತ್ತು ತುದಿಯ ತಿರುಪು ಮಣ್ಣನ್ನು ಕಚ್ಚಿ ಎಳೆಯುವುದರಿಂದ. ಆದುದರಿಂದ ಮೆತ್ತನೆಯ ಹಸಿ ಮಣ್ಣಿನಲ್ಲಿ ಅದು ಬೇಕಾದುದಕ್ಕಿಂತ ಬೇಗ ಇಳಿದು ತಿರುಪಿನ ಮೊಳೆಯಂತೆ ಸಿಕ್ಕಿಕೊಳ್ಳುತ್ತದೆ. ಗಟ್ಟಿ ಗರಸಿನಲ್ಲಿ ಮೇಲೆಯೇ ತಿರುಗುತ್ತ ನಿಲ್ಲುತ್ತದೆ. ಗರಸಿನಲ್ಲಿ ಇಳಿಯಲಿಲ್ಲವೆಂದು ಇಬ್ಬರು ಆಳುಗಳನ್ನು ಯಂತ್ರದ ತೋಳಿನ ಮೇಲೆ ಕೂರಿಸುವ ಅಭ್ಯಾಸ ಅಲ್ಲಲ್ಲಿ ಉಂಟು. ಇದು ಎಂದೂ ಕೂಡದು. ಬೈರಿಗೆ ಕಲ್ಲಿಗೆ ತಾಗಿ ಹಾರಿದರೆ ಕುಳಿತವರು ಬೀಳುವುದು ತಿರುಗುವ ಕಬ್ಬಿಣದ ಮೇಲೆಯೇ.

ಟ್ರಾಕ್ಟರಿನಲ್ಲಿ ಲಿಫ್ಟಿಗೆ ಸಂಬಂಧಿಸಿ ಎರಡು ಬಗೆಯ ಹತೋಟಿಗಳಿರುವುದು ವಾಡಿಕೆ. ‘ಡ್ರಾಫ್ಟ್ ಕಂಟ್ರೋಲ್’ ಎಂಬುದು ನೇಗಿಲಿಗಾಗಿ ಇರುವುದು; ಗಾಡಿ ಮುಂದೆ ಸಾಗುವಾಗ ಮಣ್ಣಿನ ಎಳೆತ ಹೆಚ್ಚಾದರೆ ಅದು ನೇಗಿಲನ್ನು ತಾನಾಗಿ ಸ್ವಲ್ಪ ಎತ್ತುತ್ತದೆ. ಗುಂಡಿ ತೋಡುವಾಗ ಟ್ರಾಕ್ಟರು ನಿಂತೇ ಇರುವುದರಿಂದ ಆ ಎಳೆತವೇ ಇಲ್ಲ. ಇಲ್ಲಿ ಬಳಸಬೇಕಾದುದು ‘ಪೊಸಿಷನ್ ಕಂಟ್ರೋಲ್’. ಹಿಡಿಯನ್ನು ಎಲ್ಲಿ ನಿಲ್ಲಿಸುವೆವೋ ಕೊಂಡಿಗಳೂ ಅದಕ್ಕೆ ತಕ್ಕ ಎತ್ತರದಲ್ಲಿ ನಿಲ್ಲುತ್ತವೆ. ಆದರೆ ಅದು ಅಳೆಯುವುದು ಟ್ರಾಕ್ಟರಿನಿಂದ ಕೊಂಡಿಗಿರುವ ಎತ್ತರವನ್ನೇ ಹೊರತು ನೆಲದಿಂದ ಬೈರಿಗೆಯ ಅಲಗಿಗಿರುವ ಆಳವನ್ನಲ್ಲ. ಚಕ್ರ ಬದುವಿನ ಮೇಲೇರಿದರೆ ಗುಂಡಿಯ ಆಳ ಕಡಿಮೆಯಾಗುತ್ತದೆ; ಸಾಲಿಗಿಳಿದರೆ ಹೆಚ್ಚಾಗುತ್ತದೆ.

ಇನ್ನೂ ಒಂದು ಸಂಗತಿ. ಬೈರಿಗೆಯನ್ನು ಹೊತ್ತ ತೋಳು ಟ್ರಾಕ್ಟರಿಗೆ ಕೀಲಿನಿಂದ ಸೇರಿರುವುದರಿಂದ ಅದು ನೆಟ್ಟಗೆ ಇಳಿಯದೆ ಬಾಗಿಲು ತಿರುಗಿದಂತೆ ಕಮಾನಾಗಿ ಇಳಿಯುತ್ತದೆ. ಆದುದರಿಂದ ಆಳ ಹೆಚ್ಚಿದಂತೆ ಬೈರಿಗೆಯ ಮೇಲ್ತುದಿ ಹಿಂದುಮುಂದಾಗಿ ಗುಂಡಿ ಓರೆಯಾಗಬಹುದು. ಓರೆ ಗುಂಡಿಯಲ್ಲಿ ಕೋಲು ಎರಡಡಿ ತೋರಿಸಿದರೂ ನೇರ ಆಳ ಅಷ್ಟಿರುವುದಿಲ್ಲ. ಅನುಭವಿ ಚಾಲಕನು ಒಂದೊಂದಡಿಗೂ ಬೈರಿಗೆಯ ನಿಲುವನ್ನು ನೋಡಿ ಟ್ರಾಕ್ಟರನ್ನು ತುಸು ಹಿಂದಕ್ಕೋ ಮುಂದಕ್ಕೋ ಸರಿಸಿಕೊಳ್ಳುತ್ತಾನೆ. ಅದಕ್ಕೆ ಮೊದಲು ಬೈರಿಗೆಯನ್ನು ಗುಂಡಿಯಿಂದ ಪೂರ್ತಿ ಮೇಲೆತ್ತುತ್ತಾನೆ.

ಆಳವನ್ನು ಹಿಡಿದಿಡುವ ಉಪಾಯಗಳು

ಎರಡನೆಯ ಸಲ ಕಂಬ ನೆಡಿಸುವಾಗ ನಾವು ಅನುಸರಿಸಿದ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಇದಕ್ಕೆ ಬೇಕಾದುದು ಸ್ವಲ್ಪ ಬಣ್ಣ, ಒಂದು ಗೂಟ, ಒಂದು ಕೋಲು.

ಮೊದಲನೆಯದು ಬೈರಿಗೆಯ ಮೇಲಿನ ಗುರುತು. ಅಳತೆಯನ್ನು ತುದಿಯ ಮೊನೆಯಿಂದ ಹಿಡಿಯಬಾರದು; ಮಣ್ಣು ಕತ್ತರಿಸುವ ಅಲಗಿನಿಂದ ಹಿಡಿಯಬೇಕು. ಮೊನೆ ಅಲಗಿಗಿಂತ ಕೆಲವು ಅಂಗುಲ ಮುಂದಿರುತ್ತದೆ. ಅದು ಮಾಡುವ ಸಣ್ಣ ತೂತು ಕಂಬಕ್ಕೆ ಆಧಾರವಲ್ಲ. ಬೇಕಾದ ಆಳ ಎರಡಡಿಯಾದರೆ ಅಲಗಿನಿಂದ ಎರಡಡಿಗೆ ಗುರುತು ಹಾಕಿದರೆ ಸಾಲದೆಂಬುದನ್ನೂ ನಾವು ಕಂಡುಕೊಂಡೆವು. ಗುಂಡಿಯ ಬಾಯಲ್ಲಿ ಗುಪ್ಪೆಯಾಗುವ ಮಣ್ಣು ಆ ಗುರುತನ್ನು ಮುಚ್ಚಿಬಿಡುತ್ತದೆ. ಆದುದರಿಂದ ಗುರುತನ್ನು ಇನ್ನೂ ಒಂದಡಿ ಮೇಲಕ್ಕೆ, ಅಂದರೆ ಮೂರಡಿಗೆ, ಬಿಳಿಯ ಬಣ್ಣದಲ್ಲಿ ಬಳೆಯಂತೆ ಬರೆದೆವು. ಗುಪ್ಪೆಯಿಂದ ಹೊರಗೆ, ಮೂಲ ನೆಲದ ಮೇಲೆ, ಒಂದಡಿ ಎತ್ತರ ಉಳಿಯುವಂತೆ ಒಂದು ಗೂಟವನ್ನು ಮೊದಲೇ ಹೊಡೆದೆವು. ಬಿಳಿಯ ಬಳೆ ಗೂಟದ ತಲೆಗೆ ಸಮನಾದಾಗ ಗುಂಡಿ ಎರಡಡಿ. ಗೂಟವು ಬೈರಿಗೆಯ ಪಕ್ಕದಲ್ಲಿ, ಚಾಲಕನ ಪೀಠದಿಂದ ಎರಡೂ ಒಂದೇ ದೂರದಲ್ಲಿರುವಂತೆ ಇರಬೇಕು. ಗೂಟ ಹತ್ತಿರವಾಗಿಯೋ ದೂರವಾಗಿಯೋ ಇದ್ದರೆ ಮೇಲಿನಿಂದ ನೋಡುವ ಕಣ್ಣು ಮೋಸ ಹೋಗುತ್ತದೆ.

ಎರಡನೆಯದು ಲಿಫ್ಟಿನ ಹಿಡಿಗೆ ತಡೆ. ಹಿಡಿ ಚಲಿಸುವ ಕಮಾನಿನ ಮೇಲೆ ಅದನ್ನು ಒಂದೇ ಸ್ಥಾನದಲ್ಲಿ ನಿಲ್ಲಿಸುವ ಸರಿಸುವ ತಡೆಯೊಂದು ಎಷ್ಟೋ ಟ್ರಾಕ್ಟರುಗಳಲ್ಲಿರುತ್ತದೆ. ಮೊದಲ ಗುಂಡಿಯನ್ನು ಸಮನೆಲದಲ್ಲಿ ತೋಡಿ, ಎಂಜಿನನ್ನು ನಿಲ್ಲಿಸಿ, ಕೋಲಿನಿಂದ ಅಳೆದು, ಸರಿಯೆನಿಸಿದ ಮೇಲೆ ಆ ತಡೆಯನ್ನು ಬಿಗಿಮಾಡಬೇಕು. ಎರಡನೆಯ ಗುಂಡಿಯನ್ನೂ ಅಳೆದು ನೋಡಬೇಕು. ಆಮೇಲೆ ಹತ್ತು ಗುಂಡಿಗೊಮ್ಮೆ ಅಳೆದರೆ ಸಾಕು. ನೆಲ ಏರುಪೇರಾದಲ್ಲಿ ಮಾತ್ರ ಪ್ರತಿಯೊಂದನ್ನೂ ಅಳೆಯುವುದು ಒಳ್ಳೆಯದು.

ಮೂರನೆಯದು ಸರಪಳಿ. ಟ್ರಾಕ್ಟರಿನ ಗಟ್ಟಿಯಾದ ಭಾಗಕ್ಕೂ ಕೊಂಡಿಗೂ ನಡುವೆ ಅಳತೆಯ ಸರಪಳಿಯನ್ನು ಕಟ್ಟಿ, ಗೊತ್ತಾದ ಆಳಕ್ಕೆ ಬಂದಾಗ ಅದು ಬಿಗಿಯಾಗುವಂತೆ ಮಾಡುವುದುಂಟು. ಇದನ್ನು ಎರಡನೆಯ ಕಾವಲೆಂದು ತಿಳಿಯಬೇಕು. ಯಂತ್ರವನ್ನು ರಭಸದಿಂದ ಬಿಟ್ಟು ಸರಪಳಿಗೆ ಜಗ್ಗಿಸುತ್ತ ಹೋದರೆ ಕಡೆಗೆ ಸರಪಳಿಯೋ ಕೊಂಡಿಯೋ ಮುರಿಯುತ್ತದೆ.

ಇವುಗಳ ಜೊತೆಗೆ ತೋಡುವ ರೀತಿಯೂ ಮುಖ್ಯ. ಒಂದೇ ಉಸಿರಿಗೆ ಕೊನೆಯವರೆಗೆ ಇಳಿಸದೆ ಅರ್ಧ ಅಡಿ, ಮುಕ್ಕಾಲು ಅಡಿ ಇಳಿಸಿ ಮೇಲೆತ್ತಿ ಮಣ್ಣನ್ನು ಚೆಲ್ಲಿಸಿ ಮತ್ತೆ ಇಳಿಸಬೇಕು. ಎಂಜಿನಿನ ವೇಗ ಮಿತವಾಗಿರಬೇಕು. ಕೊನೆಯಲ್ಲಿ ಮೂರು ನಾಲ್ಕು ಅಂಗುಲ ಹೆಚ್ಚಾಗಿ ತೋಡಿ, ತಳದ ಪುಡಿಮಣ್ಣನ್ನು ಹಾರೆಯ ಹಿಂಬದಿಯಿಂದ ಗಟ್ಟಿಯಾಗಿ ಜಜ್ಜಿ, ಆಮೇಲೆ ಕೋಲಿಳಿಸಬೇಕು. ಆಳ ಹೆಚ್ಚಾಗಿಬಿಟ್ಟರೆ ಪುಡಿಮಣ್ಣಿನಿಂದ ತುಂಬದೆ ಜಲ್ಲಿ ಹಾಕಿ ಜಜ್ಜಬೇಕು; ಇಲ್ಲವಾದರೆ ಕಂಬ ಮೊದಲ ಮಳೆಗೇ ಕುಸಿಯುತ್ತದೆ.

ಬಂಡೆ ಸಿಕ್ಕಿದರೆ ಯಂತ್ರದೊಡನೆ ಹಟ ಕೂಡದು. ಒತ್ತಡ ಮಿತಿಮೀರಿದಾಗ ತಾನು ತುಂಡಾಗಿ ಗೇರ್‌ಪೆಟ್ಟಿಗೆಯನ್ನು ಉಳಿಸುವ ಮೆದು ಬೋಲ್ಟೊಂದನ್ನು ಇಂಥ ಯಂತ್ರಗಳಲ್ಲಿ ಇಟ್ಟಿರುತ್ತಾರೆ. ಅದು ಮೇಲಿಂದ ಮೇಲೆ ಮುರಿಯುತ್ತದೆಂದು ಗಟ್ಟಿ ಬೋಲ್ಟು ಹಾಕಿದರೆ ಕಾಸಿನ ಉಳಿತಾಯಕ್ಕೆ ವರಹದ ನಷ್ಟ. ಕಂಬದ ಸ್ಥಾನವನ್ನು ಒಂದೆರಡಡಿ ಸರಿಸಬಹುದು, ಅಥವಾ ಅಲ್ಲಿ ಮಾತ್ರ ಕಲ್ಲುಕುಟಿಗರನ್ನು ಕರೆಯಬಹುದು.

ಆಳವೇ ಸರ್ವಸ್ವವಲ್ಲ

ಕಂಬಕ್ಕೆ ಉದ್ದದಲ್ಲಿ ನಾಲ್ಕರಲ್ಲೊಂದರಿಂದ ಮೂರರಲ್ಲೊಂದು ಪಾಲು ಮಣ್ಣಿನೊಳಗಿರಬೇಕೆಂಬ ರೂಢಿಯ ಲೆಕ್ಕ ಸಾಕು. ಮೂಲೆಯ ಮತ್ತು ಬಾಗಿಲ ಕಂಬಗಳು ತಂತಿಯ ಎಳೆತವನ್ನೆಲ್ಲ ಹೊರುವುದರಿಂದ ಅವಕ್ಕೆ ಅರ್ಧ ಅಡಿಯಷ್ಟು ಹೆಚ್ಚು ಆಳವೂ ಓರೆಯಾಗಿ ಆನಿಸುವ ಇನ್ನೊಂದು ಕಂಬವೂ ಬೇಕು. ಗಿಡದ ಗುಂಡಿಯ ಲೆಕ್ಕವೇ ಬೇರೆ.

ಸೇಲಂ ಮಲಗೋವಕ್ಕೆ ಹೆಸರಾದುದು. ಕೃಷ್ಣಗಿರಿ ಗಿಣಿಮೂತಿ ಮಾವಿಗೆ ಹೆಸರಾದುದು. ಮಾವಿಗೆ ಉದ್ದ, ಅಗಲ, ಆಳ ಮೂರೂ ಒಂದು ಮೀಟರಿನ ಗುಂಡಿ ಬೇಕೆಂದು ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯ ಹೇಳುತ್ತದೆ. ಅಂದರೆ ಒಂದು ಘನ ಮೀಟರ್ ಮಣ್ಣು ಸಡಿಲವಾಗಬೇಕು. ಎರಡಡಿ, ಎಂದರೆ ಸುಮಾರು ೬೦ ಸೆಂಟಿಮೀಟರ್, ಅಗಲದ ಬೈರಿಗೆ ಒಂದು ಮೀಟರ್ ಆಳ ತೋಡಿದರೆ ಸಡಿಲವಾಗುವುದು ೦.೨೮ ಘನ ಮೀಟರ್. ಕಾಲು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಒಂದೂವರೆ ಅಡಿಯ ಬೈರಿಗೆಯಾದರೆ ಆರರಲ್ಲೊಂದು ಪಾಲೂ ಆಗದು. ಈ ಕೊರತೆಯನ್ನು ಆಳದಿಂದಲೇ ತುಂಬಬೇಕಾದರೆ ಎರಡಡಿಯ ಬೈರಿಗೆ ಮೂರೂವರೆ ಮೀಟರ್ ಇಳಿಯಬೇಕಾಗುತ್ತದೆ! ಅಂಥ ಬಾವಿಯಿಂದ ಎಳೆಯ ಸಸಿಗೆ ಪ್ರಯೋಜನವೇನು? ಬದಲಾಗಿ ಚೌಕದ ನಾಲ್ಕು ಮೂಲೆಗಳಲ್ಲಿ ನಡುವೆ ಸ್ವಲ್ಪ ಗೋಡೆ ಉಳಿಯುವಂತೆ ನಾಲ್ಕು ಕಿರಿದಾದ ಗುಂಡಿಗಳನ್ನು ತೋಡಿ, ಉಳಿದ ಗೋಡೆಯನ್ನು ಗುದ್ದಲಿಯಿಂದ ಕೆಡವಿದರೆ ಯಂತ್ರದ ವೇಗವೂ ಚೌಕದ ಅಗಲವೂ ದೊರೆಯುತ್ತವೆ. ಗೋಡೆ ಬಿಡದೆ ತೋಡಿದರೆ ಬೈರಿಗೆ ಪಕ್ಕದ ಗುಂಡಿಗೆ ಜಾರಿಕೊಳ್ಳುತ್ತದೆ.

ಜೇಡಿಯುಳ್ಳ ಹಸಿ ಮಣ್ಣಿನಲ್ಲಿ ಬೈರಿಗೆ ಗುಂಡಿಯ ಗೋಡೆಯನ್ನು ಕುಂಬಾರನ ಮಡಕೆಯಂತೆ ನುಣುಪು ಮಾಡಿಬಿಡುತ್ತದೆ. ನೀರು ಇಂಗದೆ ತಳದಲ್ಲಿ ನಿಲ್ಲುತ್ತದೆ. ಬೇರುಗಳು ಗೋಡೆಯನ್ನು ಭೇದಿಸಲಾರದೆ ಒಳಗೊಳಗೇ ಸುತ್ತುತ್ತವೆ. ನೆಡುವ ಮುನ್ನ ಹಾರೆಯ ಮೊನೆಯಿಂದ ಗೋಡೆಯನ್ನು ಅಲ್ಲಲ್ಲಿ ಗೀರಿ ಒರಟು ಮಾಡಬೇಕು. ಗುಂಡಿಯನ್ನು ತುಂಬಿ, ನೀರು ಹಾಯಿಸಿ, ಮಣ್ಣು ಕುಳಿತ ಮೇಲೆ ಸಸಿಯಿಡಬೇಕು. ಮಾವಿನ ಸಸಿ ತೊಟ್ಟಿಯಲ್ಲಿದ್ದ ಮಟ್ಟದಲ್ಲಿಯೇ ನಿಲ್ಲಬೇಕು. ತುಂಬಿದ ಮಣ್ಣು ಕುಸಿದು ಕಾಂಡದ ಬುಡ ಹೂತುಹೋದರೆ ಕೊಳೆಯುವ ಭಯವುಂಟು. ತೆಂಗಿನ ಸಸಿಯನ್ನಾದರೋ ಬೇಕೆಂದೇ ನೆಲಮಟ್ಟಕ್ಕಿಂತ ಕೆಳಗೆ ನೆಟ್ಟು ಬೆಳೆದಂತೆ ಗುಂಡಿಯನ್ನು ತುಂಬುತ್ತಾರೆ. ಏರ್ಕಾಡಿನ ಕಾಫಿತೋಟದವರಿಗೆ ೪೫ ಸೆಂಟಿಮೀಟರಿನ ಚೌಕ ಗುಂಡಿ ಸಾಕು. ಗುಂಡಿಯ ಆಳವನ್ನು ಗೊತ್ತುಮಾಡುವುದು ಯಂತ್ರವಲ್ಲ, ಅದರಲ್ಲಿ ನಿಲ್ಲಬೇಕಾದ ವಸ್ತು.

ಜೀವಕ್ಕಿಂತ ಮಿಗಿಲಿಲ್ಲ

ಮನೆಯವರೆಲ್ಲರೂ ತಿಳಿಯಬೇಕಾದ ಮಾತಿದು. ಬೈರಿಗೆಗೆ ಶಕ್ತಿ ಕೊಡುವ ಟ್ರಾಕ್ಟರಿನ ಪಿ.ಟಿ.ಓ. ದಂಡದ ರೂಢಿಯ ವೇಗ ನಿಮಿಷಕ್ಕೆ ೫೪೦ ಸುತ್ತು, ಸೆಕೆಂಡಿಗೆ ಒಂಬತ್ತು. ಮೂರು ಅಂಗುಲ ದಪ್ಪದ ದಂಡವಾದರೆ ಒಂದೇ ಸೆಕೆಂಡಿನಲ್ಲಿ ಏಳು ಅಡಿ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಪಂಚೆಯ ಅಂಚು, ಹೆಗಲ ಟವಲು, ಸೀರೆಯ ಸೆರಗು ಸಿಕ್ಕಿದರೆ ಕೂಗುವುದಕ್ಕೂ ಸಮಯವಿಲ್ಲ. ದಂಡದ ಮೇಲಿನ ಮುಚ್ಚಳವನ್ನು ತೆಗೆದಿಟ್ಟ ಯಂತ್ರವನ್ನು ಹೊಲಕ್ಕೆ ಬಿಡಬೇಡಿ. ಬೈರಿಗೆ ತಿರುಗುವಾಗ ಚಾಲಕನ ಹೊರತು ಎಲ್ಲರೂ ಹದಿನೈದು ಅಡಿ ದೂರವಿರಲಿ. ಕಾಲಿನಿಂದ ಮಣ್ಣು ಸರಿಸುವುದು, ಕೋಲಿಳಿಸಿ ಆಳ ನೋಡುವುದು, ಸಿಕ್ಕಿಕೊಂಡ ಬೈರಿಗೆಯನ್ನು ಹಿಮ್ಮುಖವಾಗಿ ತಿರುಗಿಸಿ ಬಿಡಿಸುವುದು, ಇವೆಲ್ಲ ಎಂಜಿನು ನಿಂತ ಮೇಲೆಯೇ.

ತೋಡಿದ ಗುಂಡಿಯನ್ನು ಬಾಯ್ದೆರೆದು ಬಿಡಬಾರದು. ೨೦೧೯ರ ಅಕ್ಟೋಬರಿನಲ್ಲಿ ತಿರುಚಿರಾಪಳ್ಳಿ ಜಿಲ್ಲೆಯ ನಡುಕಾಟ್ಟುಪಟ್ಟಿಯಲ್ಲಿ ಪಾಳುಬಿದ್ದ ಕೊಳವೆಬಾವಿಯೊಳಗೆ ಬಿದ್ದು ಅಸುನೀಗಿದ ಎರಡು ವರ್ಷದ ಮಗುವನ್ನು ನಾವಾರೂ ಮರೆತಿಲ್ಲ. ನಮ್ಮ ಗುಂಡಿ ಮೂರಡಿಯದೇ ಇರಬಹುದು; ಮಳೆನೀರು ತುಂಬಿದರೆ ಮೂರಡಿಯೂ ಕಂದನಿಗೆ ಮಡುವೇ. ಅಂದು ತೋಡಿದ ಕಂಬದ ಗುಂಡಿಯಲ್ಲಿ ಅಂದೇ ಕಂಬ ನಿಲ್ಲಲಿ. ಗಿಡದ ಗುಂಡಿಯನ್ನು ಬಿಸಿಲಿಗೆ ಬಿಡಬೇಕಾದರೆ ಹಲಗೆಯನ್ನೋ ಮುಳ್ಳನ್ನೋ ಮುಚ್ಚಿಡಿ.

ಕಾಣದ ಆಳದಲ್ಲಿ ಬೇರೆಯವರ ಸೊತ್ತೂ ಇರಬಹುದು. ಕೊಚ್ಚಿಯಿಂದ ಬೆಂಗಳೂರಿನ ಕಡೆಗೆ ಹಾಕುವ ಅನಿಲ ಕೊಳವೆಯ ಮಾರ್ಗವು ಸೇಲಂ, ಧರ್ಮಪುರಿ, ಕೃಷ್ಣಗಿರಿಯ ಹೊಲಗಳ ಮೂಲಕವೇ ಗುರುತಾದುದು. ರೈತರ ವಿರೋಧದಿಂದ ವಿವಾದವಾಗಿ ೨೦೧೬ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಹಾದಿ ಬಿಟ್ಟಿತು. ಇಂಥ ಕೊಳವೆಗಳಿಗಾಗಿ ಬಳಕೆಯ ಹಕ್ಕು ಪಡೆದ ಪಟ್ಟೆಯಲ್ಲಿ ೧೯೬೨ರ ಕಾನೂನಿನಂತೆ ಮರ ನೆಡುವಂತಿಲ್ಲ, ಬಾವಿ ತೋಡುವಂತಿಲ್ಲ. ಅಂಥ ಪಟ್ಟೆಯಲ್ಲಿ ಬೈರಿಗೆ ಇಳಿಸುವ ಯೋಚನೆಯೇ ಬೇಡ. ಹನಿ ನೀರಾವರಿಯ ಕೊಳವೆ, ಪಂಪುಸೆಟ್ಟಿನ ವಿದ್ಯುತ್ ತಂತಿ ಎಲ್ಲಿವೆಯೆಂಬುದನ್ನೂ ಮೊದಲೇ ಗುರುತಿಸಿಕೊಳ್ಳಬೇಕು.

ಮಾತು ಒಂದು, ಅಳತೆಯೂ ಒಂದಾಗಲಿ

ಯಂತ್ರ ಕರೆಯುವಾಗ ‘ಗುಂಡಿಗೆ ಇಷ್ಟು’ ಎಂದು ನಿಲ್ಲಿಸದೆ, ‘ಗುಪ್ಪೆ ಬಿಟ್ಟು ಮೂಲ ನೆಲದಿಂದ, ತಳದ ಪುಡಿ ಜಜ್ಜಿದ ಮೇಲೆ, ಇಷ್ಟು ಅಡಿ’ ಎಂದು ಹೇಳಿ. ನಮ್ಮ ಕಡೆಯ ಚಾಲಕರಲ್ಲಿ ಹಲವರು ತಮಿಳರು. ಅವರ ಮಾತಿನಲ್ಲಿಯೂ ಆಳ, ಕುಳಿ ಎಂಬ ನುಡಿಗಳೇ ಇವೆ. ಹಳಗನ್ನಡದಲ್ಲಿ ಇವುಗಳಿಗಿದ್ದ ‘ೞ’ಕಾರವನ್ನು ತಮಿಳು ಉಳಿಸಿಕೊಂಡಿತು, ನಾವು ‘ಳ’ಕಾರ ಮಾಡಿಕೊಂಡೆವು, ಬೇರು ಒಂದೇ. ಮಾತು ಒಂದೇ ಆಗಿದ್ದರೂ ಅವನ ಕಣ್ಣಿನ ಎರಡಡಿಯೂ ನಮ್ಮ ಮನಸ್ಸಿನ ಎರಡಡಿಯೂ ಒಂದಾಗಬೇಕಾದರೆ ನಡುವೆ ಕೋಲೊಂದು ಬೇಕು.

ಆ ಹನ್ನೊಂದು ಕಂಬಗಳನ್ನು ಮತ್ತೆ ನೆಡುವ ದಿನ ನಮ್ಮ ತಂದೆಯವರು ತಾವೇ ಒಂದು ಬಿದಿರಿನ ಗಳುವಿಗೆ ಎರಡಡಿಗೊಂದು, ಮೂರಡಿಗೊಂದು ಕಚ್ಚು ಹಾಕಿ ಚಾಲಕನ ಕೈಗೆ ಕೊಟ್ಟರು. ಅವನೇ ಆ ಮೊದಲಿನ ಚಾಲಕ. ಹತ್ತನೆಯ ಗುಂಡಿಗೆ ತಾನೇ ಎಂಜಿನು ನಿಲ್ಲಿಸಿ ಇಳಿದು ಅಳೆದು, “ಅಯ್ಯಾ, ಎರಡು ಅಂಗುಲ ಕಡಿಮೆ” ಎಂದು ಕೂಗಿ ಹೇಳಿದನು. ಆ ಮೇಲೆ ಎಷ್ಟೋ ಮಳೆಗಳು ಬಂದುವು. ಒಂದು ಕಂಬವೂ ಅಲುಗಲಿಲ್ಲ. ತಂದೆಯವರು ಈಗಿಲ್ಲ. ಗಳು ನಮ್ಮ ಜಗಲಿಯ ಮೂಲೆಯಲ್ಲಿದೆ. ಬೇಲಿ ಹಾಕುವವರು, ಗಿಡ ನೆಡುವವರು ಕೇಳಿಕೊಂಡು ಒಯ್ಯುತ್ತಾರೆ, ಕೆಲಸ ಮುಗಿದ ಮೇಲೆ ತಂದಿಡುತ್ತಾರೆ. ಬರುವ ಬೇಸಗೆಯಲ್ಲಿ ಗುಂಡಿ ತೋಡಿಸುವ ಬಂಧುಗಳು ಟ್ರಾಕ್ಟರಿಗೆ ಹೇಳಿಕಳುಹಿಸುವ ಮುನ್ನ ಅಂಥದೊಂದು ಗಳುವನ್ನು ಕತ್ತರಿಸಿ ಕಚ್ಚು ಹಾಕಿಟ್ಟುಕೊಳ್ಳಲಿ.